ಡಿಸ್ಕಿಗೆ ಇಟ್ಟ ಕುಂಕುಮ

ಈಗಿನ ನಮ್ಮ ಕಾರಿನಲ್ಲಿ ಡಿಸ್ಕ್ ತೂರಿಸುವ ಸೀಳೇ ಇಲ್ಲ. ಫೋನು ಮುಟ್ಟಿದರೆ ಹಾಡು. ಹಳೆಯ ಕಾರಿನಲ್ಲಿ ಹಾಡು ಬರಬೇಕಾದರೆ ಕಾಳು ನೆನೆಹಾಕಿದ ಹಾಗೆ ಹಿಂದಿನ ದಿನವೇ ತಯಾರಿ ಆಗಬೇಕಿತ್ತು. ಕಂಪ್ಯೂಟರಿನಲ್ಲಿ ಹಾಡುಗಳನ್ನು ಜೋಡಿಸಿ, ಖಾಲಿ ಡಿಸ್ಕಿಗೆ ಬರ್ನ್ ಮಾಡಲು ಹಾಕಿ, ಕರೆಂಟು ಹೋಗದಿರಲಪ್ಪ ಎಂದು ತಲೆಯ ಮೇಲಿನ ಫ್ಯಾನನ್ನೇ ನೋಡುತ್ತ ಕೂರುತ್ತಿದ್ದೆ. ಮುಗಿದ ಡಿಸ್ಕ್ ಹೊರಗೆ ಬಂದಾಗ ಆಗತಾನೆ ಇಸ್ತ್ರಿ ಮಾಡಿದ ಕರವಸ್ತ್ರದಷ್ಟು ಬೆಚ್ಚಗಿರುತ್ತಿತ್ತು. ಅದರ ಬೆನ್ನಿನ ಮೇಲೆ ಮಾರ್ಕರ್ ಪೆನ್ನಿನಿಂದ, ಮಂಡ್ಯದ ಕಾನ್ವೆಂಟಿನಲ್ಲಿ ಸಿಸ್ಟರು ತಿದ್ದಿಸಿದ ದುಂಡು ಅಕ್ಷರದಲ್ಲಿ ಹೆಸರು ಬರೆಯುವುದು ನನಗೆ ಬಲು ಇಷ್ಟ.

ಆ ಸಲ ‘ಅತ್ತೆಯ ಹಾಡುಗಳು’ ಎಂದು ಬರೆದಿದ್ದೆ.

ನಮ್ಮತ್ತೆಗೆ ಕಾರು ಆಗುವುದಿಲ್ಲ. ನಮ್ಮೂರು ಕೊಪ್ಪ ಬಿಟ್ಟು ಮದ್ದೂರು ಮುಟ್ಟುವಷ್ಟರಲ್ಲಿ ಹೊಟ್ಟೆ ತೊಳಸುತ್ತದೆ. ನಾದಿನಿಯ ಮದುವೆ ಮಾತಿಗೆಂದು ಮಳವಳ್ಳಿಗೆ ಹೋದಾಗ, ಕಾರಿಳಿದವರೇ ಬೀಗರ ಮನೆಯ ರಂಗೋಲಿಯ ಪಕ್ಕದಲ್ಲಿ ವಾಂತಿ ಮಾಡಿಕೊಂಡಿದ್ದರು. “ಯಾಕವ್ವ ಬೀಗಿತ್ತಿ, ನಮ್ಮೂರ್ ಕಂಡೇಟ್ಗೆ ಒಟ್ಟೆ ಕೆಡ್ತಾ?” ಎಂದು ಹುಡುಗನ ತಾಯಿ ಎಲ್ಲರೆದುರು ನಗಾಡಿದ್ದರು. ಮದುವೆ ಮುಗಿದರೂ ಅತ್ತೆ ಆ ಮಾತು ಮರೆತಿರಲಿಲ್ಲ. ಈಗ ಅದೇ ಮನೆಯಲ್ಲಿ ಬೀಗರೂಟ.

“ಬಸ್ಸಲ್ಲಿ ಬನ್ನಿ ಅತ್ತೆ, ಮಾವನ ಜೊತೆ” ಎಂದೆ.

“ಕಾರ್ ಮಡಿಕಂಡು ಬಸ್ಸಲ್ಲಿ ಬಂದ್ರು ಅಂತ ಅದುಕ್ಕೂ ಒಂದ್ ಮಾತ್ ಆಡ್ತಳೆ ಬುಡು ಆಯಮ್ಮ.”

ಅತ್ತೆಯ ಹೊಟ್ಟೆಗೆ ಒಂದೇ ಮದ್ದು, ಹಾಡು. ಬಾಯಿ ಹಾಡುತ್ತಿದ್ದರೆ ಹೊಟ್ಟೆ ಸುಮ್ಮನಿರುತ್ತದೆ. ಆದರೆ ಅವರಿಗೆ ಬರುವುದು ಸೋಬಾನೆ ಪದ. ಒಬ್ಬರು ಎತ್ತಿಕೊಟ್ಟರೆ ಮಿಕ್ಕವರು ಸೊಲ್ಲು ಹಿಡಿಯುವ ಹಾಡು ಅದು. ನನಗೋ ಪ್ರೇಯರ್ ಹಾಡು ಬಿಟ್ಟರೆ ಇನ್ನೇನೂ ಬಾರದು. “ಒಬ್ಳೇ ಆಡ್ಕಳಕ್ಕೆ ನನ್ಗೇನ್ ಉಚ್ಚಾ?” ಎನ್ನುತ್ತಿದ್ದರು. ಅದಕ್ಕೇ ನಾನು ಎಲ್ಲೆಲ್ಲಿಂದಲೋ ಸೋಬಾನೆ ಪದ ಹುಡುಕಿ ಡಿಸ್ಕ್ ಮಾಡಿದ್ದು.

ಹೊರಟೆವು. ನನ್ನ ಯಜಮಾನರು ಗಾಡಿ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ, ಅತ್ತೆ ಹಿಂದೆ. ಡಿಸ್ಕ್ ತೂರಿಸಿದೆ. ಒಳಗೆ ಸರ್ರ್ ಎಂದಿತು, ಆಮೇಲೆ ಟಕ್ ಟಕ್. ಪುಟ್ಟ ಪರದೆಯ ಮೇಲೆ ‘ನೋ ಡಿಸ್ಕ್’ ಎಂದು ಬಂತು. ಮತ್ತೆ ತೂರಿಸಿದರೂ ಅದೇ. ಮದ್ದೂರು ದಾಟಿ ಮಳವಳ್ಳಿ ರಸ್ತೆಗೆ ತಿರುಗುವಷ್ಟರಲ್ಲಿ ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದರು. ಮುಂದೊಂದು ಕಬ್ಬಿನ ಲಾರಿ ತೊನೆಯುತ್ತ ಹೋಗುತ್ತಿತ್ತು.

“ನಿಲ್ಸಲಾ ಮಗ” ಎಂದರು.

ಹುಣಸೆ ಮರದ ನೆರಳಿನಲ್ಲಿ ಕಾರು ನಿಂತಿತು. ನಾನು ಡಿಸ್ಕ್ ಹೊರಗೆಳೆದು ಮೊದಲ ಸಲ ಮಗುಚಿ ನೋಡಿದೆ. ಕನ್ನಡಿಯಂತೆ ಹೊಳೆಯುವ ಮೈಯಲ್ಲಿ, ನಡುವಿನ ತೂತಿನ ಸುತ್ತ ಮೂರು ಕಡೆ ಅರಿಶಿನ, ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮ.

“ಅತ್ತೆ, ಇದಕ್ಕೆ ಪೂಜೆ ಮಾಡಿದ್ರಾ?”

“ಉಂ ಕಣವ್ವ, ಒಸಾದಲ್ವಾ. ಬರ್ದಿರೋ ಕಡೆ ಇಟ್ರೆ ನಿನ್ ಅಕ್ಸರ ಆಳಾಯ್ತವೆ ಅಂತ ಈ ಕಡೆ ಇಟ್ಟೆ.”

ಹಾಡು ಇರುವುದೇ ಈ ಕಡೆ ಎಂದು ಮೆಲ್ಲಗೆ ವಿವರಿಸಿ, ಸೆರಗಿನ ತುದಿಯನ್ನು ನೀರಿಗೆ ಅದ್ದಿದೆ. ಅತ್ತೆ ನನ್ನ ಕೈ ಹಿಡಿದರು.

“ಕುಂಕುಮ ಒರ್ಸಬ್ಯಾಡ. ಸುಬಕಾರ್ಯಕ್ಕೆ ಓಯ್ತಾ ಇವ್ನಿ, ಅದೂ ಮಗಳ ಮನೆಗೆ.”

“ಒರ್ಸ್ದಿದ್ರೆ ಹಾಡಿಲ್ಲ ಕಣವ್ವ” ಎಂದರು ಯಜಮಾನರು. “ರಂಗೋಲಿ ಪಕ್ಕದ ಜಾಗ ಈಗ್ಲೇ ನೋಡ್ಕೋ.”

“ಬಾಯ್ ಮುಚ್ಲಾ.”

ಅತ್ತೆ ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಉಂಗುರ ಬೆರಳಿನಿಂದ ಒಂದು ಬೊಟ್ಟು ಎತ್ತಿ ನನ್ನ ಹಣೆಗಿಟ್ಟರು. ಇನ್ನೊಂದನ್ನು ತಮ್ಮ ತಾಳಿಗೆ ಒತ್ತಿಕೊಂಡರು. ಮೂರನೆಯದನ್ನು ಮಗನ ಹಣೆಗೆ, ಬೇಕೆಂದೇ ಕೊಂಚ ಅಗಲವಾಗಿ.

“ದೇವ್ರತ್ರ ಪರ್ಸಾದ ತಗಂಡಂಗೆ ತಗಂಡೊ. ಇನ್ ಮಿಕ್ಕಿರೋದ್ ಬರೀ ಕಲೆ. ಈಗ ಒರ್ಸು.”

ನಡುವಿನಿಂದ ಅಂಚಿನ ಕಡೆಗೆ, ಗೀರು ಬೀಳದ ಹಾಗೆ ಒರೆಸಿದೆ. ಅರಿಶಿನದ ನೆರಳೊಂದು ಉಳಿದೇ ಉಳಿಯಿತು. ಮತ್ತೆ ತೂರಿಸಿದೆ. ಸರ್ರ್ ಎಂದಿತು. ಟಕ್ ಎನ್ನಲಿಲ್ಲ. ಹೆಂಗಸರ ದನಿ ಕಾರು ತುಂಬ ಎದ್ದಿತು.

ಅತ್ತೆ ಸೊಲ್ಲು ಹಿಡಿದರು. ಎರಡನೆಯ ಪದದಲ್ಲಿ ಡಿಸ್ಕು ತೊದಲಿ ಅರ್ಧ ಸಾಲು ಹಾರಿತು. ಅವರೇ ಆ ಸಾಲು ತುಂಬಿ, “ನುಂಗ್ಕತಾಳೆ ನೋಡು ಈ ಅಮ್ಮಿ, ಸರ್ಯಾಗ್ ಕಲ್ತಿಲ್ಲ” ಎಂದು ಮತ್ತೆ ಶುರುಮಾಡಿದರು. ಆಮೇಲಾಮೇಲೆ ನಾನೂ ಸೊಲ್ಲಿನ ಕೊನೆಗೆ ದನಿ ಸೇರಿಸತೊಡಗಿದೆ. ಸೆರಗು ಅವರ ಮೂಗಿನಿಂದ ಯಾವಾಗ ಇಳಿಯಿತೋ ನಾನು ಗಮನಿಸಲಿಲ್ಲ.

ಮಳವಳ್ಳಿಯಲ್ಲಿ ಬೀಗಿತ್ತಿ ಬಾಗಿಲಲ್ಲೇ ನಿಂತಿದ್ದರು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಕೊಯ್ದ ನಿಂಬೆಹಣ್ಣು. ತುಟಿಯಲ್ಲಿ ಆಗಲೇ ನಗು.

“ಬಾರವ್ವ ಬೀಗಿತ್ತಿ. ಬೇಕಾಯ್ತದೆ ಅಂತ ಇಟ್ಕಂಡೇ ನಿಂತಿವ್ನಿ.”

ಅತ್ತೆ ನೆಟ್ಟಗೆ ಇಳಿದರು, ರಂಗೋಲಿ ತುಳಿಯದೆ ಬಳಸಿ ಬಂದರು, ಚೊಂಬು ಇಸಿದುಕೊಂಡು ಕಾಲು ತೊಳೆದರು.

“ನಿಂಬೆಅಣ್ಣ ಎಲೆ ತವ್ಕೆ ತತ್ತಾರವ್ವ” ಎಂದರು. “ಸಾರ್‌ಗೆ ಇಂಡ್ಕತೀನಿ. ಅಸ್ದು ಬಂದಿವ್ನಿ.”

ಬೀಗಿತ್ತಿ ನಮ್ಮ ಮೂವರನ್ನೂ ನೋಡಿ, ನನ್ನ ಯಜಮಾನರ ಹಣೆಯ ಮೇಲೆ ಕಣ್ಣು ನಿಲ್ಲಿಸಿದರು. “ದಾರೀಲಿ ಯಾವ್ ಗುಡೀಗ್ ಓಗಿದ್ರವ್ವ?”

“ಎಲ್ಲೂ ಇಲ್ಲ ಕಣವ್ವ, ಕಾರಲ್ಲೇ ಆಯ್ತು” ಎಂದು ಅತ್ತೆ ನನ್ನ ಕೈ ಹಿಡಿದುಕೊಂಡು ಊಟದ ಸಾಲಿನತ್ತ ನಡೆದರು.