ಬಾಯಿ ಬಿಡದ ಕಾರ್ಡು

ಅಮೆರಿಕದ ಅಯೋವಾದ ಒಂದು ಸಣ್ಣ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಗುರುವಾರ ಹೆಂಗಸರು ಶುಭಾಶಯದ ಕಾರ್ಡು ಮಾಡಲು ಸೇರುತ್ತಿದ್ದರು. ಅಲ್ಲಿ ಮಾರ್ಲಿಸ್ ಹಾಗನ್ ಹೇಳಿದ್ದೇ ನಡೆಯುತ್ತಿತ್ತು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಅವಳ ಮನೆಯಲ್ಲಿ ಶಾಯಿ ಹಚ್ಚಿ ಚಿತ್ರ ಒತ್ತುವ ರಬ್ಬರ್ ಅಚ್ಚುಗಳು ಡಬ್ಬಿಗಟ್ಟಲೆ ಇದ್ದವು. ಊರಿನಲ್ಲಿ ಯಾರು ಹುಟ್ಟಿದರೂ, ಯಾರು ಸತ್ತರೂ ಹೋಗುವ ಕಾರ್ಡು ಅವಳದ್ದೇ.

ಅಷ್ಟರಲ್ಲಿ ಕೊರಿನ್ ವಾಸ್ ಬಂದಳು. ಗಂಡ ತೀರಿಕೊಂಡ ಮೇಲೆ ತಂಗಿಯ ಮನೆಗೆ ಬಂದಿದ್ದ ಸಣಕಲು ಹೆಂಗಸು. ಮೊದಲ ದಿನವೇ ಒಂದು ಕಾರ್ಡನ್ನು ಮೇಜಿನ ಮೇಲಿಟ್ಟಳು. ತುದಿ ಹಿಡಿದು ಎಳೆದರೆ ಮಡಿಕೆಗಳು ಒಂದರ ಹಿಂದೊಂದು ಬಿಚ್ಚಿಕೊಂಡು, ಅಚ್ಚೊತ್ತಿದ ಗುಬ್ಬಿಗಳ ಸಾಲು ಎದ್ದು ನಿಲ್ಲುತ್ತಿತ್ತು.

"ಅಯ್ಯಯ್ಯೋ, ಇನ್ನೊಂದ್ಸಲ ಎಳಿಯೇ!" ಎಂದು ಎಲ್ಲರೂ ಮುತ್ತಿಕೊಂಡರು.

"ಚೆನ್ನಾಗಿದೆ. ಅಂಚೇಲಿ ಹಾಕಿದ್ರೆ ಹಕ್ಕಿಗಳ ಕತ್ತು ಮುರಿಯುತ್ತೆ, ಅಷ್ಟೇ," ಎಂದಳು ಮಾರ್ಲಿಸ್. ಅಚ್ಚು ಮಸುಕಾಗಿದ್ದನ್ನು ಆಗಲೇ ಕಂಡಿದ್ದಳು. ಮನೆಗೆ ಹೋಗುವಷ್ಟರಲ್ಲಿ ಸಿಕ್ಕವರಿಗೆಲ್ಲ ಅದನ್ನು ಹೇಳಿಯೂ ಆಗಿತ್ತು.

ವಸಂತದಲ್ಲಿ ಆ ಚರ್ಚಿಗೇ ಹಿರಿಯಳಾದ ಆರ್ಫಾ ಅಜ್ಜಿಗೆ ತೊಂಬತ್ತು ತುಂಬುವುದಿತ್ತು. ಮಾರ್ಲಿಸಳ ಗೆಳತಿ ಲವೊನ್ ಮೆಲ್ಲಗೆ ಮಾತು ತೆಗೆದಳು: "ಈ ಸಲ ಕಾರ್ಡು ಕೊರಿನ್ ಮಾಡ್ಲಿ ಅಂತ ಎಲ್ರೂ ಹೇಳ್ತಿದ್ದಾರೆ ಕಣೇ. ನೀನೂ ಸ್ವಲ್ಪ ಸುಧಾರಿಸ್ಕೋ."

"ನಂಗೆ ಸುಸ್ತಾಗಿದೆ ಅಂತ ನಿಂಗ್ಯಾರು ಹೇಳಿದ್ದು?"

ಹೊಟ್ಟೆ ಉರಿಯಿಂದ ಮಾರ್ಲಿಸ್ ತಾನೂ ಎಳೆದರೆ ಬಿಚ್ಚಿಕೊಳ್ಳುವ ಕಾರ್ಡು ಮಾಡಲು ಅಡುಗೆಮನೆಯ ಮೇಜಿಗೇ ಅಂಟಿಕೊಂಡಳು. ಮಡಚಿದ್ದು ವಾರೆಯಾಯಿತು, ಹರಿಯಿತು, ಕಸದ ಬುಟ್ಟಿ ತುಂಬಿತು. ಗಂಡ ಡ್ವೇನ್ ಬಾಗಿಲಲ್ಲಿ ಇಣುಕಿದ. "ಊಟ?"

"ಫ್ರಿಜ್ಜಲ್ಲಿದೆ. ಬಿಸಿ ಮಾಡ್ಕೊಂಡು ತಿನ್ನು."

ಕೊನೆಗೂ ಮಡಿಕೆ ಕೂಡಿಬಂತು. ನೇರಳೆ ಶಾಯಿಯಲ್ಲಿ ಒತ್ತಿದ ಲೈಲಾಕ್ ಹೂಗೊಂಚಲು ಒಳಗೆ ಗಿಡದಂತೆ ನಿಲ್ಲುತ್ತಿತ್ತು. ಕೊರಿನ್ ಎದುರಿಗೆ ಎಲ್ಲಾದರೂ ಕಿತ್ತುಬಂದೀತೆಂಬ ಭಯಕ್ಕೆ ಅವಳು ಇನ್ನಷ್ಟು ಅಂಟು ಬಳಿದು, ಮೇಲೆ ದಪ್ಪದೊಂದು ಅಡುಗೆ ಪುಸ್ತಕ ಹೇರಿದಳು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕಾಫಿ, ಕೇಕು. ಆರ್ಫಾ ಅಜ್ಜಿ ಕೊರಿನ್ ಕೊಟ್ಟ ಕಾರ್ಡನ್ನು ಮಗುವಿನಂತೆ ಎಳೆದೆಳೆದು ನಕ್ಕಳು. ಆಮೇಲೆ ಮಾರ್ಲಿಸಳದ್ದನ್ನು ಎತ್ತಿಕೊಂಡಳು. ಎಳೆದಳು. ಜಪ್ಪಯ್ಯ ಅಂದರೂ ಅದು ಬಿಚ್ಚಿಕೊಳ್ಳಲಿಲ್ಲ.

"ಇದೇನೇ ಮಾರ್ಲಿಸ್, ನಂಗೆ ಹಲಗೆ ಕೊಟ್ಟಿದ್ದೀಯಾ?"

ಇಡೀ ಕೋಣೆ ನಕ್ಕಿತು. ಮಾರ್ಲಿಸಳ ಕಿವಿಗಳು ಕೆಂಪಾದವು.

"ಇಲ್ಲಿ ಕೊಡಿ ಅಜ್ಜಿ," ಎಂದು ಕೊರಿನ್ ಮುಂದೆ ಬಂದಳು. ಚೀಲದಿಂದ ಅಂಟಿದ ಕಾಗದ ಬಿಡಿಸುವ ತೆಳ್ಳನೆಯ ಲೋಹದ ಪಟ್ಟಿ ತೆಗೆದು, ಉಸಿರು ಬಿಗಿಹಿಡಿದು ಅಂಟಿನ ಸಂದಿಯಲ್ಲಿ ಹಾಯಿಸಿದಳು. ಒಂದು ಎಸಳೂ ಹರಿಯದೆ ಲೈಲಾಕ್ ಗಿಡ ಎದ್ದು ನಿಂತಿತು.

"ಅಯ್ಯೋ, ನಮ್ಮಮ್ಮನ ಹಿತ್ತಲಲ್ಲಿ ಇದ್ದದ್ದು ಇದೇ ಹೂವು!" ಎಂದು ಅಜ್ಜಿ ಕಣ್ಣೊರೆಸಿಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಹರಿದುಹೋಗಿದ್ದರೆ ಕೊರಿನ್‌ಳನ್ನು ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಈಗ ಅದಕ್ಕೂ ಕಲ್ಲು ಬಿತ್ತಲ್ಲ ಎಂದು ಮಾರ್ಲಿಸಳಿಗೆ ಇನ್ನಷ್ಟು ಸಂಕಟವಾಯಿತು.

ಮಾರ್ಲಿಸ್ ಕಾಫಿ ಕಪ್ಪುಗಳನ್ನು ತೊಳೆಯುವಾಗ ಕೊರಿನ್ ಪಕ್ಕಕ್ಕೆ ಬಂದು ನಿಂತಳು. "ಒಂದೊಂದು ದಳವೂ ಎಷ್ಟು ಚೊಕ್ಕವಾಗಿ ಮೂಡಿದೆ! ನಾನು ಒತ್ತಿದ್ದೆಲ್ಲ ಮಸಿಮಸಿ. ಅದಕ್ಕೇ ಮಡಚೋದನ್ನ ಕಲ್ತಿದ್ದು, ಯಾರೂ ಅಚ್ಚನ್ನ ನೋಡದೇ ಇರ್ಲಿ ಅಂತ."

ತಡೆದುಕೊಳ್ಳುವಷ್ಟರಲ್ಲಿ ಮಾರ್ಲಿಸಳ ಬಾಯಿಂದ ಮಾತು ಹೊರಬಿದ್ದಿತ್ತು: "ಅಚ್ಚನ್ನ ಇಂಕ್ ಪ್ಯಾಡ್ ಮೇಲೆ ಗುದ್ದಬೇಡ, ಮೆತ್ತಗೆ ತಟ್ಟು. ಗುರುವಾರ ಬೇಗ ಬಾ, ತೋರಿಸ್ತೀನಿ. ನೀನು ಆ ಮಡಿಕೆ ಹೇಳ್ಕೊಡು. ಯಾರ ಎದುರಿಗೂ ಬೇಡ."

ಹಾಗೆಯೇ ಆಯಿತು. ಮುಂದಿನ ತಿಂಗಳು ಕೊರಿನ್ ಒತ್ತಿದ ಜರಿಗಿಡದ ಎಲೆ ಗೆರೆಗೆರೆಯೂ ಕಾಣುವಂತೆ ಮೂಡಿತು. "ಎಷ್ಟು ಚೆಂದ ಒತ್ತಿದ್ದಾಳೆ ನೋಡೇ!" ಎಂದಳು ಲವೊನ್. ಮಾರ್ಲಿಸಳಿಗೆ ಮತ್ತೆ ಚುರ್ ಎಂದಿತು.

"ಕಲಿಸಿದ್ದು ಯಾರು ಅಂತ ಕೇಳು," ಎಂದಳು.