ಬಾಲದ ಕೊಬ್ಬು

ನಮ್ಮ ಅತ್ತೆ ಉಲ್ಬೊಸಿನ್ ಅವರ ಕೈಯಿಂದ ಬಾಲದ ಕೊಬ್ಬಿನ ವಾಸನೆ ಹೋದದ್ದೇ ಇಲ್ಲ. ಅರಾಲ್ ಸಮುದ್ರ ಹಿಂದೆ ಸರಿದು ಉಪ್ಪುಗಾಳಿ ಏಳತೊಡಗಿದ ಮೇಲೆ ನಮ್ಮೂರಿನವರ ಮೈಯೆಲ್ಲ ಬಿರುಕು. ಮೀನು ಹಿಡಿಯುತ್ತಿದ್ದ ಗಂಡ ತೀರಿಕೊಂಡಾಗ ಅತ್ತೆ ನಮ್ಮ ಕಡೆಯ ದಪ್ಪಬಾಲದ ಕುರಿಯ ಕೊಬ್ಬು ಕರಗಿಸಿ ಊರವರ ಮೈಗೆ ತಿಕ್ಕಿ, ಅದರಿಂದಲೇ ಮಗನನ್ನು, ಅಂದರೆ ನನ್ನ ಗಂಡನನ್ನು, ಸಾಕಿದರು. ಹಿಮ್ಮಡಿ ಒಡೆದವರು, ತುಟಿ ಸೀಳಿದವರು ಎಲ್ಲರೂ ನಮ್ಮ ಬಾಗಿಲಿಗೇ ಬರುತ್ತಿದ್ದರು. ಅತ್ತೆಯ ಜಂಬಕ್ಕೆ ಕಾರಣವಿತ್ತು, ಇಲ್ಲವೆನ್ನಲಾರೆ.

ನನ್ನ ಮಗಳು ಜುಪಾರ್‌ಗೆ ಎಂಟು ತಿಂಗಳಾಗಿದ್ದಾಗ, ಸುಡುಬೇಸಿಗೆಯಲ್ಲಿ ಭೇದಿ ಹಿಡಿಯಿತು. ಎರಡನೆಯ ದಿನಕ್ಕೆ ಮೈ ಸುಕ್ಕುಗಟ್ಟಿತು. ಮೊಲೆ ಹಿಡಿಯುವಷ್ಟೂ ತ್ರಾಣ ಉಳಿಯಲಿಲ್ಲ.

"ಅತ್ತೆ, ಒಂದ್ ಚೂರು ನೀರು ಕುಡಿಸ್ಲಾ?" ಅಂದೆ.

"ಬುದ್ಧಿ ಎಲ್ಲಿಟ್ಟಿದ್ದೀಯೇ? ಮೇಲಿಂದ ಹುಯ್ದಷ್ಟೂ ಕೆಳಗಿಂದ ಹೋಗುತ್ತೆ. ಚರ್ಮ ನೋಡು, ಹೆಂಗೆ ಒಣಗಿದೆ! ಹೋಗು, ಕೊಬ್ಬು ತಾ."

ನಮ್ಮಲ್ಲಿ ಸೊಸೆ ಅತ್ತೆಗೆ ಎದುರು ಮಾತಾಡಿದರೆ ತವರಿನ ಮಾನ ಹೋಗುತ್ತದೆ. ತಂದುಕೊಟ್ಟೆ. ರಾತ್ರಿಯೊಳಗೆ ಮೂರು ಸಲ ತಿಕ್ಕಿದರು. ಮಗುವಿನ ಮೈ ಮಿರಮಿರ ಮಿಂಚಿತು. ಅಳು ನಿಂತಿತೆಂದು ಇಬ್ಬರೂ ಸಂತೋಷಪಟ್ಟೆವು, ಪಾಪಿಗಳು.

ಮೂರನೆಯ ದಿನ ಊರಿನ ನರ್ಸ್ ಗುಲಾಯಿಮ್ ಬಂದಳು. ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು. ಮಡಿಕೆ ಹಾಗೇ ನಿಂತಿತು. ಬಿರುಕುಬಿಟ್ಟ ತನ್ನ ಮುಂಗೈಯನ್ನೂ ಚಿವುಟಿ ತೋರಿಸಿದಳು. ಅದು ತಟ್ಟನೆ ಸಮವಾಯಿತು.

"ನಂದು ಜಿಡ್ಡಿಲ್ದೆ ಒಣಗಿರೋದು ಅಜ್ಜಿ, ಇದಕ್ಕೆ ನಿಮ್ಮ ಕೊಬ್ಬು ಸಾಕು. ಮಗೂಗೆ ಒಳಗಿನ ನೀರೇ ಬತ್ತಿದೆ. ಎಷ್ಟು ತಿಕ್ಕಿದ್ರೂ ಅದು ತುಂಬಲ್ಲ. ನೀರು ಯಾಕೆ ಕೊಡ್ಲಿಲ್ಲ?"

ಅತ್ತೆ ನನ್ನ ಮುಖ ನೋಡಿದರು. "ಇವ್ಳು ಕುಡಿಸ್ಲಾ ಅಂತ ಕೇಳಿದ್ಲು" ಅಂದರು.

ಆಸ್ಪತ್ರೆಗೆ ಹೊರಟ ದಾರಿಯಲ್ಲಿ ಚಮಚದಿಂದ ನೀರು ಬಿಡುತ್ತಲೇ ಹೋದೆ. ಎಲ್ಲ ಕಟವಾಯಿಯಿಂದ ಇಳಿದುಹೋಯಿತು. ಅರ್ಧ ದಾರಿಯಲ್ಲಿ ಜುಪಾರ್ ನನ್ನ ಮಡಿಲಲ್ಲೇ ತೀರಿಕೊಂಡಳು.

ಮಣ್ಣಿಗೆ ಕಳಿಸುವ ಮುಂಚೆ ಹೆಂಗಸರು ಮೈ ತೊಳೆಯಲು ಕೂತೆವು. ಹೊಯ್ದ ನೀರೆಲ್ಲ ಆ ಕೊಬ್ಬಿನ ಮೇಲೆ ನಿಲ್ಲದೆ ಜಾರುತ್ತಿತ್ತು. ಅತ್ತೆ ಹೂಜಿಯ ಮೇಲೆ ಹೂಜಿ ಹೊಯ್ಯುತ್ತಲೇ ಇದ್ದರು.

"ಸಾಕು ಬಿಡಕ್ಕಾ" ಅಂದಳು ಪಕ್ಕದ ಮನೆಯವಳು.

"ಕುಡೀಲಿ ಬಿಡ್ರೇ" ಅಂದರು ಅತ್ತೆ.

ನನಗೆ ಕನಿಕರ ಬರಲಿಲ್ಲ. ಅವರ ಕೈಯಿಂದ ಹೂಜಿ ಕಿತ್ತುಕೊಂಡೆ. ಮದುವೆಯಾಗಿ ಬಂದ ಮೇಲೆ ನಾನು ಅವರನ್ನು ತಡೆದದ್ದು ಅದೇ ಮೊದಲು.