ಹಸು ಏನು ಕೊಡುತ್ತದೆ? ಪಾಲು!

ಮೂರೂವರೆ ವರ್ಷದ ಮಗಳ ಅಡ್ಮಿಷನ್ ಫಾರ್ಮ್ ಮೇಲೆ ನರ್ಸರಿ ಟೀಚರ್ “ಮಾತು ನಿಧಾನ” ಎಂದು ಬರೆದರು. ಮನೆಯಲ್ಲಿ ಒಂದೇ ಭಾಷೆ ಇರಲಿ ಎಂದರು.

ಕೆಜಿಎಫ್‌ನಲ್ಲಿ ಒಂದೇ ಭಾಷೆ! ನನ್ನದು ಕನ್ನಡ, ಅತ್ತೆಯದು ತೆಲುಗು, ಬೀದಿಯದು ತಮಿಳು.

ಮಗುವಿನ ಹತ್ತಿರ ತೆಲುಗು ಬೇಡ ಎಂದು ಹೆದರುತ್ತಲೇ ಅತ್ತೆಗೆ ಹೇಳಿದೆ. “ಓ, ನನ್ ಮಾತ್ನಿಂದ ಮಗು ಕೆಟ್ಟೋಯ್ತಾ? ಆಗ್ಲಿ ಬುಡಮ್ಮ, ಇನ್ ಮಾತಾಡಲ್ಲ” ಎಂದರು. ಎಂಟು ದಿನವಾಯಿತು, ಮಗುವಿನೊಂದಿಗೆ ಮಾತಿಲ್ಲ. ನನಗೆ ನಿದ್ದೆಯಿಲ್ಲ…

ನಿನ್ನೆ ಮಗಳನ್ನು ಎತ್ತಿಕೊಂಡು ಬಂಗಾರಪೇಟೆಗೆ ಹೋದೆ. ನನ್ನಮ್ಮನಿಗೆ ಪಾಠ ಮಾಡಿದ ಮೇಡಂ ಅಲ್ಲಿದ್ದಾರೆ. ಮನಶ್ಶಾಸ್ತ್ರ ಓದಿದವರು, ಈಗ ಎಂಬತ್ತು ವರ್ಷ.

ಫಾರ್ಮ್ ನೋಡಿದವರು ತಮ್ಮ ಕಥೆ ಶುರು ಮಾಡಿದರು. ನನಗೋ ಒಳಗೇ ಚಡಪಡಿಕೆ.

ಐವತ್ತರ ದಶಕ. ಅವರ ಅಪ್ಪ ನಮ್ಮ ಕೆಜಿಎಫ್‌ನ ಉರಿಗಾಂನಲ್ಲಿ ಗಣಿ ಕೆಲಸಗಾರ. ಒಂದನೇ ಕ್ಲಾಸಿಗೆ ಬಂದ ಇನ್‌ಸ್ಪೆಕ್ಟರ್, ಹಸು ಏನು ಕೊಡುತ್ತದೆ ಎಂದು ಕೇಳಿದರಂತೆ.

ಮನೆಯ ತೆಲುಗಿನಲ್ಲಿ ಹಾಲೆಂದರೆ ಪಾಲು. ಇವರು “ಪಾಲು” ಎಂದರು.

“ಯಾರ ಆಸ್ತೀಲಮ್ಮ ಪಾಲು?” ಎಂದರು ಇನ್‌ಸ್ಪೆಕ್ಟರ್. ಕ್ಲಾಸೆಲ್ಲ ನಗು. ಮಂದಬುದ್ಧಿ ಎಂದು ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸಿದರು.

ಆ ಅವಮಾನವೇ ಅವರನ್ನು ಓದಿಸಿತು. ಬಂಗಾರಪೇಟೆ ಹೈಸ್ಕೂಲಿಗೆ ದಿನಾ ರೈಲು, ಮೈಸೂರಿನಲ್ಲಿ ಎಂ.ಎ., ಆಮೇಲೆ ಬಿ.ಎಡ್. ಅರವತ್ತರ ದಶಕದ ಕೊನೆಗೆ ಅವರೇ ಟೀಚರ್. ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ಪರೀಕ್ಷಿಸುವ ಕೆಲಸವೂ ಅವರದೇ.

ಸದ್ಯ, ನನ್ನ ಕಷ್ಟ ಇವರಿಗೆ ಗೊತ್ತು ಎಂದುಕೊಂಡೆ.

ಆದರೆ ಮೊದಲ ವರ್ಷವೇ, ಮಾತಾಡದ ಒಂದು ಹುಡುಗಿಯ ತಾಯಿಗೆ ಇವರೂ ಹೇಳಿದ್ದು ಅದನ್ನೇ… ಮನೆಯಲ್ಲಿ ತಮಿಳು ನಿಲ್ಲಿಸಿ.

“ಆ ಮಗು ಪಾಟಿಗೆ, ಅದೇ ಅಜ್ಜಿಗೆ, ಕನ್ನಡ ಬರ್ತಿರ್ಲಿಲ್ಲ ಕಣಮ್ಮ. ಮೊಮ್ಮಗಳು ಹತ್ರ ಬಂದ್ರೆ ಎದ್ದು ಓಗ್ಬಿಡೋರು. ನಾನ್ ಮಾತಾಡಿದ್ರೆ ಮಗು ದಡ್ಡಿ ಆಗ್ತದೆ ಅಂತ. ಅಷ್ಟೆಲ್ಲ ಓದಿ ನಾನ್ ಮಾಡಿದ್ದು ಅದು.”

ಹಾಗಾದರೆ ನನ್ನ ಮಗಳು ಸರಿ ಇದ್ದಾಳಾ ಎಂದು ಕೇಳಿದೆ.

“ಗೊತ್ತಿಲ್ಲಮ್ಮ. ಮೊದಲು ಕಿವಿ ತೋರಿಸು. ಆಮೇಲೆ ನಿಮ್ಮತ್ತೇನ ಕರ್ಕೊಂಡ್ ಬಾ. ಮಗು ಅವ್ರತ್ರ ಎಂಗೆ ಮಾತಾಡ್ತದೆ ನೋಡ್ಬೇಕು.”

ಕಿವಿ ಡಾಕ್ಟರ್ ಸೋಮವಾರ ಬನ್ನಿ ಎಂದಿದ್ದಾರೆ.

ಇದನ್ನು ಬರೆಯುವಾಗ ಮಗಳು ಅಜ್ಜಿಯ ಸೆರಗು ಎಳೆಯುತ್ತಿದ್ದಾಳೆ. ಅವರು ತಲೆ ಸವರುತ್ತಾರೆ, ಅಷ್ಟೇ.

ಮಾತು ಬೇಡ ಎಂದವಳು ನಾನೇ… ಈಗ ಮಾತಾಡಿ ಎಂದು ಯಾವ ಬಾಯಲ್ಲಿ ಕೇಳಲಿ, ಹೇಳಿ?